ವಾಲ್ವು ಆಂಪ್ಲಿಫೈಯರನ್ನು ಮನೆಯಲ್ಲಿ ಬಿಚ್ಚಬಹುದೆ?

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ವೋಲ್ಟು, ಓಮ್ ಎಂಬ ಮಾತುಗಳನ್ನು ಕಂಡು ವಾಚಕರು ಹುಬ್ಬೇರಿಸಬಹುದು. ಆದರೆ ವಿಷಯ ಸಂಗೀತಕ್ಕೆ ಸೇರಿದ್ದು. ಅದಕ್ಕಿಂತ ಹೆಚ್ಚಾಗಿ ಪ್ರಾಣಕ್ಕೆ ಸೇರಿದ್ದು. ನಮ್ಮಲ್ಲಿ ಎಲೆಕ್ಟ್ರಿಕ್ ಗಿಟಾರು ನುಡಿಸುವ ಮಿತ್ರರು ಕೆಲವರಿದ್ದಾರೆ. ಅವರಲ್ಲಿ ಒಬ್ಬಿಬ್ಬರು ಹಳೆಯ ವಾಲ್ವು ಆಂಪ್ಲಿಫೈಯರುಗಳನ್ನು ಎಲ್ಲಿಂದಲೋ ಸಂಪಾದಿಸಿಕೊಂಡಿದ್ದಾರೆ. ಅವು ಕೆಟ್ಟಾಗ ಏನು ಮಾಡಬೇಕೆಂಬ ಬಗ್ಗೆ ಈ ವರ್ಷ ವಿದ್ಯಾರ್ಥಿನಿಲಯದಲ್ಲಿ ನಡೆದಷ್ಟು ವಾದ ಚರ್ಚಾಸ್ಪರ್ಧೆಯ ವೇದಿಕೆಯ ಮೇಲೂ ನಡೆಯಲಿಲ್ಲ. "ಅದನ್ನು ಮುಟ್ಟಲೇ ಕೂಡದು" ಎಂದು ಒಂದು ಪಕ್ಷ, "ಅದರಲ್ಲೇನು ಮಹಾ? ಒಂದು ತಿರುಪು ತಿರುಗಿಸಿದರಾಯಿತು" ಎಂದು ಇನ್ನೊಂದು ಪಕ್ಷ. ಎರಡು ಪಕ್ಷದವರೂ ಸತ್ಯದ ಅರ್ಧವನ್ನು ಮಾತ್ರ ಹಿಡಿದುಕೊಂಡಿದ್ದಾರೆಂದು ನನ್ನ ಅಭಿಪ್ರಾಯ.

1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. ಕಾಲಕ್ರಮದಲ್ಲಿ ರೇಡಿಯೋದಿಂದ ವಾಲ್ವು ಮರೆಯಾಯಿತು. ಆದರೆ ಗಿಟಾರಿನವರು ಅದನ್ನು ಬಿಡಲಿಲ್ಲ. ಕಾರಣವಿಷ್ಟೆ: ರೇಡಿಯೋದ ಕೆಲಸ ಬಂದ ಧ್ವನಿಯನ್ನು ಇದ್ದ ಹಾಗೆ ದೊಡ್ಡದು ಮಾಡುವುದು, ಗಿಟಾರಿನ ಆಂಪ್ಲಿಫೈಯರಾದರೋ ವಾದ್ಯದ ಒಂದು ಅಂಗವೇ ಆಗಿಬಿಟ್ಟಿದೆ. ಅದನ್ನು ಶಕ್ತಿಮೀರಿ ದುಡಿಸಿದಾಗ ವಾಲ್ವಿನಿಂದ ಹೊರಡುವ ಗರಗರ ನಾದವೇ ವಾದಕನಿಗೆ ಬೇಕಾದುದು. ಅಮೆರಿಕದ ಫೆಂಡರ್ ಸಂಸ್ಥೆಯ ಬಾಸ್‌ಮನ್ ಎಂಬ ಆಂಪ್ಲಿಫೈಯರನ್ನು ಮಾದರಿಯಾಗಿಟ್ಟುಕೊಂಡು 1962-63ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ತಮ್ಮ ಅಂಗಡಿಯಲ್ಲಿ ಜೆಟಿಎಂ 45 ಎಂಬುದನ್ನು ಹೊರತಂದರು. ಇಂದಿಗೂ ಆ ಎರಡು ವಂಶಗಳ ಕುಡಿಗಳು ತಯಾರಾಗುತ್ತಲೇ ಇವೆ.

ಇನ್ನು ವಾದಕ್ಕೆ ಮೂಲವಾದ 'ಬಯಾಸ್' ಎಂದರೇನು? ಕೆರೆಯ ತೂಬನ್ನು ಕಂಡವರಿಗೆ ಇದು ಕಷ್ಟವಲ್ಲ. ವಾಲ್ವಿನೊಳಗೆ ಕಾದ ಕ್ಯಾಥೋಡಿನಿಂದ ಪ್ಲೇಟಿನ ಕಡೆಗೆ ಎಲೆಕ್ಟ್ರಾನುಗಳು ಹರಿಯುತ್ತವೆ. ನಡುವೆ ಇರುವ ಗ್ರಿಡ್ ಎಂಬ ಜಾಲರಿಯೇ ತೂಬಿನ ಹಲಗೆ. ಅದಕ್ಕೆ ಋಣ ವೋಲ್ಟೇಜು ಹೆಚ್ಚಿದಷ್ಟೂ ಹರಿವು ತಗ್ಗುತ್ತದೆ. ಗಿಟಾರು ಸುಮ್ಮನಿರುವಾಗಲೂ ಎಷ್ಟು ಹರಿಯಬೇಕೆಂದು ಗೊತ್ತುಮಾಡುವುದೇ ಬಯಾಸ್. ಹರಿವು ತೀರ ಕಡಿಮೆಯಾದರೆ ಧ್ವನಿ ಬಡಕಲಾಗಿ ಕರ್ಕಶವಾಗುತ್ತದೆ. ಹೆಚ್ಚಾದರೆ ಪ್ಲೇಟು ಕೆಂಪಗೆ ಕಾದು ವಾಲ್ವಿನ ಆಯುಸ್ಸು ಮುಗಿಯುತ್ತದೆ. ಎಲ್ಲ ಆಂಪ್ಲಿಫೈಯರುಗಳಿಗೂ ಈ ಹೊಂದಾಣಿಕೆ ಬೇಕಿಲ್ಲವೆಂಬುದನ್ನು ಮೊದಲು ತಿಳಿಯಬೇಕು. ವಾಕ್ಸ್ ಎಸಿ 30ರಂಥವುಗಳಲ್ಲಿ ಕ್ಯಾಥೋಡಿಗೆ ಸೇರಿಸಿದ ರೆಸಿಸ್ಟರು ತಾನಾಗಿಯೇ ಈ ಕೆಲಸವನ್ನು ನೋಡಿಕೊಳ್ಳುತ್ತದೆ. ಅಂಥದರಲ್ಲಿ ತಿರುಪು ಹುಡುಕುವುದು ವ್ಯರ್ಥ.

ತಿರುಪು ಇರುವಲ್ಲಿ ಲೆಕ್ಕ ಸುಲಭ. ನಾವು ಪ್ರೌಢಶಾಲೆಯಲ್ಲಿ ಕಲಿತ ಭಾಗಾಕಾರ ಸಾಕು. 6ಎಲ್6ಜಿಸಿ ಎಂಬ ವಾಲ್ವಿನ ಪ್ಲೇಟು ತಾಳುವ ಶಾಖದ ಮಿತಿ 30 ವಾಟ್. ಪ್ಲೇಟಿನ ವೋಲ್ಟೇಜು 450 ಆಗಿದ್ದರೆ, 30ನ್ನು 450ರಿಂದ ಭಾಗಿಸಿದಾಗ ಸುಮಾರು 67 ಮಿಲಿಆಂಪಿಯರ್ ಬರುತ್ತದೆ. ಅದರಲ್ಲಿ ನೂರಕ್ಕೆ 70ರಷ್ಟು, ಎಂದರೆ ಸುಮಾರು 46, ಸುಮ್ಮನಿರುವಾಗ ಒಂದು ವಾಲ್ವಿಗೆ ಸಲ್ಲುವ ಗರಿಷ್ಠ. 25 ವಾಟಿನ ಇಎಲ್34 ಆದರೆ ಅದೇ ವೋಲ್ಟೇಜಿಗೆ ಸುಮಾರು 38. ಕ್ಯಾಥೋಡಿನ ದಾರಿಯಲ್ಲಿ 1 ಓಮ್ ರೆಸಿಸ್ಟರು ಇದ್ದರೆ ಅದರ ಮೇಲೆ ಮೀಟರು ತೋರಿಸುವ ಒಂದೊಂದು ಮಿಲಿವೋಲ್ಟೂ ಒಂದೊಂದು ಮಿಲಿಆಂಪಿಯರು. ತಿರುಪನ್ನು ತಿರುಗಿಸಿದಾಗ ಪ್ಲೇಟಿನ ವೋಲ್ಟೇಜೂ ಬದಲಾಗುವುದರಿಂದ ಎರಡನ್ನೂ ಮತ್ತೆ ಅಳೆಯಬೇಕು. ಇನ್ನೊಂದು ಮಾತು: ಈ 70 ಎಂಬುದು ಮೇರೆಯೇ ಹೊರತು ಗುರಿಯಲ್ಲ. ಕಿವಿಗೆ 60ರಲ್ಲೇ ಹಿತವಾದರೆ ಅಲ್ಲಿಯೇ ನಿಲ್ಲಿಸುವುದು ಜಾಣತನ.

ಇಷ್ಟು ಓದಿದವರಿಗೆ ಎರಡನೆಯ ಪಕ್ಷದವರೇ ಗೆದ್ದಂತೆ ಕಾಣಬಹುದು. ಆದರೆ ಅಪಾಯವಿರುವುದು ಲೆಕ್ಕದಲ್ಲಲ್ಲ, ಲೆಕ್ಕಕ್ಕೆ ಮೊದಲು. ಆಂಪ್ಲಿಫೈಯರಿನೊಳಗಿನ ದೊಡ್ಡ ಕಂಡೆನ್ಸರುಗಳು 400-500 ವೋಲ್ಟಿನ ವಿದ್ಯುತ್ತನ್ನು ತುಂಬಿಟ್ಟುಕೊಂಡಿರುತ್ತವೆ. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು ಪಕ್ಕಕ್ಕಿಟ್ಟ ಮೇಲೂ ಅದು ಅಲ್ಲಿಯೇ ಕಾದು ಕೂತಿರಬಹುದು. ನಮ್ಮ ಊರಿನ ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ನನಗೆ ಇದನ್ನು ಹೇಳಿಕೊಟ್ಟ ಬಗೆ ಮರೆಯುವಂಥದ್ದಲ್ಲ. "ಮಗೂ, ಆರಿಸಿದ್ದು ನಿನಗೆ ಗೊತ್ತು, ಅದಕ್ಕೆ ಗೊತ್ತಾಗಬೇಡವೆ?" ಎಂದರು. ಮನೆಯಲ್ಲಿ ಸೋರಿಕೆ ತಡೆಯುವ ಸ್ವಿಚ್ಚು ಇದೆಯೆಂದು ಧೈರ್ಯ ತಾಳುವವರೂ ಉಂಟು. ಟ್ರಾನ್ಸ್‌ಫಾರ್ಮರಿನ ಆಚೆ ಬದಿಯಲ್ಲಿ ಹೊಡೆಯುವ ಆಘಾತವನ್ನು ಆ ಸ್ವಿಚ್ಚು ಕಾಣಲಾರದು.

ಆದುದರಿಂದ ಬಯಾಸಿಗಿಂತ ಮೊದಲು ಕಲಿಯಬೇಕಾದುದು ಬರಿದುಮಾಡುವುದನ್ನು. ಪ್ಲಗ್ಗನ್ನು ಕಿತ್ತು ಕಣ್ಣಿಗೆ ಕಾಣುವಂತೆ ಇಡಬೇಕು. ಉಂಗುರ, ಕಡಗ, ಗಡಿಯಾರಗಳನ್ನು ತೆಗೆಯಬೇಕು. ಒಣ ನೆಲದ ಮೇಲೆ ಚಪ್ಪಲಿ ಮೆಟ್ಟಿ ನಿಂತು, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳಬೇಕು. ಎರಡು ಕೈಗಳ ನಡುವೆ ವಿದ್ಯುತ್ತು ಹಾದರೆ ದಾರಿಯಲ್ಲಿ ಸಿಕ್ಕುವುದು ಹೃದಯ. 10,000 ಓಮ್‌ನ, 10 ವಾಟಿನ ರೆಸಿಸ್ಟರೊಂದಕ್ಕೆ ಚೆನ್ನಾಗಿ ಹೊದಿಸಿದ ತಂತಿಗಳನ್ನು ಸೇರಿಸಿ, ಒಂದು ತುದಿಯನ್ನು ಚಾಸಿಗೆ ಕಚ್ಚಿಸಿ, ಇನ್ನೊಂದರಿಂದ ಪ್ರತಿ ಕಂಡೆನ್ಸರನ್ನೂ ಕೆಲವು ಸೆಕೆಂಡು ಮುಟ್ಟಿಸಬೇಕು. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸುವುದು ಶೌರ್ಯವಲ್ಲ. ಆಮೇಲೆ 1,000 ವೋಲ್ಟು ತಾಳುವ ಮೀಟರಿನಿಂದ ಅಳೆದು ನೋಡಬೇಕು. ಐದು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆಯಬೇಕು. ಬರಿದಾದ ಕಂಡೆನ್ಸರಿನಲ್ಲೂ ಸ್ವಲ್ಪ ವೋಲ್ಟೇಜು ಮರಳಿ ಏರುವುದುಂಟು.

ಅಳತೆಗಾಗಿ ಮತ್ತೆ ವಿದ್ಯುತ್ತು ಕೊಡುವ ಮೊದಲು ಮೀಟರಿನ ಕ್ಲಿಪ್ಪುಗಳನ್ನು ಸಿಕ್ಕಿಸಿಬಿಡಬೇಕು. ಕೊಟ್ಟ ಮೇಲೆ ಒಳಗೆ ಕೈ ಹಾಕಬಾರದು. ಸ್ಪೀಕರು ಜೋಡಿಸದೆ ಆಂಪ್ಲಿಫೈಯರನ್ನು ನಡೆಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಸುಟ್ಟುಹೋದೀತು. ಹೊಸ ವಾಲ್ವು ಹಾಕುವಾಗ ತಿರುಪನ್ನು ಹರಿವು ಅತಿ ಕಡಿಮೆಯಾಗುವ ಕಡೆಗಿಟ್ಟು ಮೆಲ್ಲಗೆ ಮೇಲೇರಬೇಕು. ಮೊದಲ ಪರೀಕ್ಷೆಗೆ ರೇಡಿಯೋದವರ ಸೀರೀಸ್ ಬೋರ್ಡು ಒಳ್ಳೆಯದು: ಒಳಗೆ ಏನಾದರೂ ಕೂಡಿಕೊಂಡಿದ್ದರೆ ಬಲ್ಬು ಪ್ರಖರವಾಗಿ ಉರಿದು ಎಚ್ಚರಿಸುತ್ತದೆ. ಆದರೆ ಬಲ್ಬನ್ನು ಇಟ್ಟುಕೊಂಡು ಬಯಾಸ್ ಹೊಂದಿಸಿದರೆ ಲೆಕ್ಕ ತಪ್ಪುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಒಂಟಿಯಾಗಿ ಈ ಕೆಲಸಕ್ಕೆ ಕೂಡಬಾರದು. ಮೇನ್ ಸ್ವಿಚ್ಚು ಎಲ್ಲಿದೆಯೆಂದು ಬಲ್ಲ ಇನ್ನೊಬ್ಬರು ಕೋಣೆಯಲ್ಲಿರಲೇಬೇಕು.

ಎಲ್ಲಿ ನಿಲ್ಲಬೇಕೆಂಬುದೂ ವಿದ್ಯೆಯ ಒಂದು ಭಾಗ. ಫ್ಯೂಸು ಮತ್ತೆ ಮತ್ತೆ ಹೋಗುತ್ತಿದ್ದರೆ, ಟ್ರಾನ್ಸ್‌ಫಾರ್ಮರಿನಿಂದ ಸುಟ್ಟ ವಾಸನೆ ಬಂದರೆ, ಹಳೆಯ ಎರಡು ಕಡ್ಡಿಯ ಪ್ಲಗ್ಗಿದ್ದು ಅರ್ಥಿಂಗ್ ಇಲ್ಲದಿದ್ದರೆ, ಅದು ಬಲ್ಲವರ ಮೇಜಿಗೆ ಹೋಗಬೇಕಾದ ಸರಕು. ಅಮೆರಿಕದಿಂದ ಬಂದ 120 ವೋಲ್ಟಿನ ಪೆಟ್ಟಿಗೆಯನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಚುಚ್ಚುವುದಂತೂ ಅದಕ್ಕೆ ತಿಲಾಂಜಲಿ ಕೊಟ್ಟಂತೆ.

"ಇಷ್ಟೆಲ್ಲ ಇರುವಾಗ ಮೆಕ್ಯಾನಿಕ್ಕಿಗೆ ಕೊಡುವುದೇ ಕ್ಷೇಮವಲ್ಲವೆ?" ಎಂದು ಮೊದಲನೆಯ ಪಕ್ಷದವರು ಕೇಳಬಹುದು. ಕೊಡೋಣ, ಆದರೆ ಆ ಮೆಕ್ಯಾನಿಕ್ಕು ಎಲ್ಲಿ? 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ನಮ್ಮ ನೆಲದಲ್ಲೇ ವಾಲ್ವು ಹುಟ್ಟುತ್ತಿದ್ದ ಆ ಕಾಲದಲ್ಲಿ ಅದನ್ನು ಬಲ್ಲ ಕೈಗಳಿಗೂ ಬರವಿರಲಿಲ್ಲ. ಈಗ ನಮ್ಮ ಪೇಟೆಯ ರೇಡಿಯೋ ಅಂಗಡಿಗಳಲ್ಲಿ ಮೊಬೈಲು ಮಾರುತ್ತಾರೆ. ವಾಲ್ವು ಬಲ್ಲ ಹಿರಿಯರು ಬೆರಳೆಣಿಕೆಯಷ್ಟು ಮಂದಿ ಉಳಿದಿದ್ದಾರೆ. ಅವರಲ್ಲಿರುವ ಎಚ್ಚರಿಕೆಯ ವಿದ್ಯೆ ಅವರೊಂದಿಗೇ ಹೋದರೆ ನಮಗೆ ಉಳಿಯುವುದು ಫೋನಿನಲ್ಲಿ ನೋಡಿದ ಹತ್ತು ನಿಮಿಷದ ಚಿತ್ರ ಮಾತ್ರ. ಅದರಲ್ಲಿ ತಿರುಪು ತಿರುಗಿಸುವ ಕೈ ಕಾಣುತ್ತದೆ. ಬೆನ್ನ ಹಿಂದಿನ ಕೈ ಕಾಣುವುದಿಲ್ಲ. "ಮುಟ್ಟಬೇಡ" ಎಂಬ ಒಂದೇ ಮಾತಿನಿಂದ ಹುಡುಗರನ್ನು ತಡೆದವರಿಲ್ಲ. ಬೀಗ ಹಾಕಿದ ಕೋಣೆಯಲ್ಲಿ ಕದ್ದು ಬಿಚ್ಚುವುದಕ್ಕಿಂತ ಬಲ್ಲವರ ಎದುರಿಗೆ ಬಿಚ್ಚುವುದು ಲೇಸು.

ಆದುದರಿಂದ ನನ್ನದೊಂದು ಸಲಹೆ. ನಮ್ಮ ಸಂಗೀತ ಸಂಘದವರು ಬರುವ ವರ್ಷ ಅಂಥ ಹಿರಿಯರೊಬ್ಬರನ್ನು ಒಂದು ದಿನದ ಮಟ್ಟಿಗೆ ಕಾಲೇಜಿಗೆ ಆಹ್ವಾನಿಸಲಿ. ಸಂಘದ ಹಣದಿಂದ ಒಂದು ಒಳ್ಳೆಯ ಮೀಟರು, ಒಂದು ಸೀರೀಸ್ ಬೋರ್ಡು ಕೊಳ್ಳಲಿ. ಬರಿದುಮಾಡಿ ಅಳೆದು ತೋರಿಸುವುದನ್ನು ಅವರ ಮುಂದೆ ಮೂರು ಸಲ ತಪ್ಪದೆ ಮಾಡಿದವರಿಗೆ ಮಾತ್ರ ತಿರುಪು ಮುಟ್ಟುವ ಅಧಿಕಾರವಿರಲಿ. ಇದಕ್ಕೆ ತಗಲುವ ವೆಚ್ಚ ವಾರ್ಷಿಕೋತ್ಸವದ ಒಂದು ಸಂಜೆಯ ದೀಪಾಲಂಕಾರಕ್ಕಿಂತ ಹೆಚ್ಚಾಗಲಾರದು. ಪೂಜ್ಯ ಅಧ್ಯಾಪಕರೂ ಮಿತ್ರರೂ ಈ ವಿಷಯವನ್ನು ಪರಿಶೀಲಿಸಬೇಕೆಂದು ವಿನಂತಿ. ಅಲ್ಲಿಯವರೆಗೆ, ಆಂಪ್ಲಿಫೈಯರು ಇಟ್ಟುಕೊಂಡಿರುವ ಗೆಳೆಯರು ಸ್ಕ್ರೂಡ್ರೈವರನ್ನು ದಯವಿಟ್ಟು ಡ್ರಾಯರಿನಲ್ಲೇ ಇರಿಸಲಿ.