ಟೋರ್ಟಿಯಾಕ್ಕೆ ಸುಣ್ಣವೇಕೆ?

ಮೆಕ್ಸಿಕೋ ದೇಶದವರು ತೆಳುವಾದ ರೊಟ್ಟಿಯಲ್ಲಿ ಪಲ್ಯವನ್ನೋ ಮಾಂಸವನ್ನೋ ಇಟ್ಟು ಮಡಿಸಿ ತಿನ್ನುವ ತಿಂಡಿಯೇ ಟಾಕೋ. ಆ ರೊಟ್ಟಿಗೆ ಟೋರ್ಟಿಯಾ ಎಂದು ಹೆಸರು. ಮನೆಯಲ್ಲಿ ಇದನ್ನು ಮಾಡಹೊರಟವರು ಮೆಕ್ಕೆಜೋಳದ ಯಾವ ಹಿಟ್ಟಾದರೂ ಸರಿಯೆಂದು ಭಾವಿಸುವುದುಂಟು. ಇದನ್ನು ನಾವು ಒಪ್ಪಲಾರೆವು.

ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯೆಲ್ಲ ನೆನೆಯಗೊಟ್ಟು, ತೊಳೆದು ಅರೆಯುವುದು ಆ ನಾಡಿನ ಪ್ರಾಚೀನ ಪದ್ಧತಿ. ನಾವು ವೀಳ್ಯದೆಲೆಗೆ ಹಚ್ಚುವ ಸುಣ್ಣವೂ ಇದೇ ಜಾತಿಯದು. ಇದರ ಕ್ಷಾರಗುಣವು ಸಿಪ್ಪೆಯನ್ನು ಸಡಿಲಿಸುತ್ತದೆ. ಗೋಧಿಯಂಥ ಜಿಗುಟಿಲ್ಲದ ಹಿಟ್ಟು ಒಂದುಗೂಡುವಂತೆ ಮಾಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಾಳಿನಲ್ಲಿ ಬಂಧಿತವಾಗಿದ್ದು ನಮ್ಮ ದೇಹಕ್ಕೆ ದಕ್ಕದ ನಯಾಸಿನ್ ಎಂಬ ಜೀವಸತ್ತ್ವವನ್ನು ಬಿಡಿಸಿಕೊಡುತ್ತದೆ. ಯೂರೋಪಿನವರು ಮೆಕ್ಕೆಜೋಳವನ್ನು ಕೊಂಡೊಯ್ದರು, ಸುಣ್ಣವನ್ನು ಬಿಟ್ಟರು! ಆ ಧಾನ್ಯವೊಂದನ್ನೇ ನೆಚ್ಚಿದ ಬಡವರಿಗೆ ಪೆಲಾಗ್ರ ರೋಗವು ತಗುಲಿತು. ಸ್ಪೇನಿನ ವೈದ್ಯ ಗಾಸ್ಪಾರ್ ಕಸಾಲ್ 1735ರಲ್ಲಿಯೇ ಅದನ್ನು ವರ್ಣಿಸಿದ್ದರೂ, ನಯಾಸಿನ್ನಿನ ಕೊರತೆಯೇ ಮೂಲವೆಂಬುದು 1937ರವರೆಗೆ ಸ್ಪಷ್ಟವಾಗಲಿಲ್ಲ. ಅಷ್ಟರಲ್ಲಿ ಸತ್ತವರೆಷ್ಟು ಮಂದಿ!

ಆದುದರಿಂದ ಹಿಟ್ಟನ್ನಾಗಲಿ ಸಿದ್ಧ ಟೋರ್ಟಿಯಾವನ್ನಾಗಲಿ ಕೊಳ್ಳುವಾಗ ಪೊಟ್ಟಣದ ಮೇಲೆ ಸುಣ್ಣದ ಹೆಸರಿದೆಯೇ ಎಂದು ನೋಡತಕ್ಕದ್ದು. ಗೋಧಿಯ ಟೋರ್ಟಿಯಾ ಸುಲಭವಾಗಿ ಹರಿಯದೆಂಬುದು ನಿಜ; ಉತ್ತರ ಮೆಕ್ಸಿಕೋದಲ್ಲಿ ಅದಕ್ಕೂ ಮನ್ನಣೆಯುಂಟು. ನಮ್ಮ ಮತ ಮಾತ್ರ ಮೆಕ್ಕೆಜೋಳದ ಕಡೆಗೆ. ಆರಿದಾಗ ಅದರ ಪಿಷ್ಟವು ಬಿಗಿದುಕೊಳ್ಳುವುದರಿಂದ ಮಡಿಸಿದರೆ ಬಿರಿಯುವುದು. ಎಣ್ಣೆಯಿಲ್ಲದ ಕಾದ ಕಾವಲಿಯ ಮೇಲೆ ಎರಡೂ ಮಗ್ಗುಲು ಬಿಸಿಮಾಡಿ ಬಟ್ಟೆಯಲ್ಲಿ ಸುತ್ತಿಟ್ಟರೆ ತನ್ನ ಆವಿಯಿಂದಲೇ ಮೆತ್ತಗಾಗುವುದು. ಪಲ್ಯದಲ್ಲಿ ರಸ ಹೆಚ್ಚಾಗಿದ್ದರೆ ಎರಡು ಟೋರ್ಟಿಯಾಗಳನ್ನು ಒಂದರ ಮೇಲೊಂದಿಟ್ಟು ಮಡಿಸಬಹುದು.