ಪುಟ ಹೇಳಿದ್ದನ್ನೆಲ್ಲ ಕಂಪ್ಯೂಟರ್ ಮಾಡಬಾರದು

ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಟಿಬೆಟನ್ ಬೌದ್ಧರ ಗ್ಯುದ್ಮೆದ್ ತಾಂತ್ರಿಕ ವಿಶ್ವವಿದ್ಯಾಲಯವಿದೆ. 2024ರ ಮೇ ಹೊತ್ತಿಗೆ ಅದರ ವೆಬ್‌ಸೈಟಿನೊಳಗೆ ಹೊರಗಿನವರು ಬರೆದ ಕೆಲವು ಸಾಲು ಕೋಡ್ ಸೇರಿಕೊಂಡಿದ್ದವು. ಸೈಟು ನೋಡಲು ಬಂದವರ ಕಂಪ್ಯೂಟರಿನಲ್ಲಿ ವಿಂಡೋಸ್ ಇದೆಯೇ ಎಂದು ಆ ಸಾಲುಗಳು ಮೊದಲು ಪರೀಕ್ಷಿಸುತ್ತಿದ್ದವು. ಇದ್ದರೆ, ಬ್ರೌಸರ್ ತಾನೇ ತೋರಿಸಿದಂತೆ ಕಾಣುವ ಒಂದು ದೋಷದ ಪುಟ ತೆರೆದುಕೊಳ್ಳುತ್ತಿತ್ತು. ನಿಮ್ಮ ಭದ್ರತಾ ಸರ್ಟಿಫಿಕೇಟ್ ಸರಿಯಿಲ್ಲ, ಇದನ್ನು ಇಳಿಸಿಕೊಳ್ಳಿ ಎಂಬ ಸೂಚನೆ ಅದರಲ್ಲಿ. ಇಳಿಸಿಕೊಂಡವರ ಯಂತ್ರದಲ್ಲಿ ಕೋಬಾಲ್ಟ್ ಸ್ಟ್ರೈಕ್ ಎಂಬ ಸಾಧನ ಕೂರುತ್ತಿತ್ತು. ಅಲ್ಲಿಂದಾಚೆ ಆ ಯಂತ್ರ ದೂರದಲ್ಲಿ ಕುಳಿತವರು ಹೇಳಿದಂತೆ ಕೇಳುತ್ತಿತ್ತು. ಇದರ ಹಿಂದೆ ಚೀನಾ ಸರ್ಕಾರದ ಬೆಂಬಲವಿರುವ ಗುಂಪಿದೆ ಎಂದು ರೆಕಾರ್ಡೆಡ್ ಫ್ಯೂಚರ್ ಸಂಸ್ಥೆಯ ತಜ್ಞರು ಅದೇ ವರ್ಷ ನವೆಂಬರಿನಲ್ಲಿ ವರದಿ ಮಾಡಿದರು. ಜೂಮ್ಲಾ ಎಂಬ ಉಚಿತ ತಂತ್ರಾಂಶದಲ್ಲಿ ಕಟ್ಟಿದ ಸೈಟು ಅದು. ನಮ್ಮ ಊರುಗಳ ಎಷ್ಟೋ ಸೈಟುಗಳೂ ಇಂಥ ಉಚಿತ ತಂತ್ರಾಂಶಗಳ ಮೇಲೆಯೇ ನಿಂತಿವೆ.

ನಮ್ಮ ಉತ್ತರ ಕನ್ನಡದ ಮುಂಡಗೋಡಿನಲ್ಲಿ 1966ರಿಂದ ಟಿಬೆಟನ್ನರ ದೊಡ್ಡ ನೆಲೆಯಿದೆ. ಡ್ರೆಪುಂಗ್, ಗಾಂಡೆನ್ ಮಠಗಳು ಅಲ್ಲಿವೆ, ಅವುಗಳಿಗೆ ಜಗತ್ತಿನಾದ್ಯಂತ ಓದುಗರಿದ್ದಾರೆ, ಭಕ್ತರಿದ್ದಾರೆ. 2009ರ ಮಾರ್ಚಿನಲ್ಲಿ ಬಯಲಾದ ಘೋಸ್ಟ್‌ನೆಟ್ ಜಾಲ 103 ದೇಶಗಳ 1,295 ಕಂಪ್ಯೂಟರುಗಳಲ್ಲಿ ಹೊಕ್ಕಿತ್ತು. ಅದರ ಹುಡುಕಾಟ ಶುರುವಾದದ್ದೇ ಟಿಬೆಟನ್ ಕಚೇರಿಗಳ ಯಂತ್ರಗಳಿಂದ. ಹಾಗಾಗಿ ಗುರುಪುರದ ಪ್ರಕರಣವನ್ನು ಮುಂಡಗೋಡು ದೂರದ ಸುದ್ದಿಯೆಂದು ಓದುವಂತಿಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾ ಕೂಡ ಓದುವಂತಿಲ್ಲ. ಬೇಹುಗಾರರು ಅಲ್ಲಿ ಬಳಸಿದ ದಾರಿಯಲ್ಲೇ ಈಗ ಹಣದ ಕಳ್ಳರು ಓಡಾಡುತ್ತಿದ್ದಾರೆ, ಮತ್ತು ಅವರಿಗೆ ಯಾರ ಯಂತ್ರವಾದರೂ ಆದೀತು.

ಆ ದಾರಿಗೆ ಎರಡು ಬಾಗಿಲು. ಒಂದು ಸರ್ವರಿನಲ್ಲಿ, ಇನ್ನೊಂದು ನಮ್ಮ ಮೇಜಿನ ಮೇಲೆ.

ಸರ್ವರಿನ ಬಾಗಿಲನ್ನು ಮೊದಲು ನೋಡೋಣ. ವೆಬ್ ಪುಟ ಎಂದರೆ ಬರಿಯ ಅಕ್ಷರ, ಚಿತ್ರ ಎಂದು ಬಹಳ ಜನ ತಿಳಿದಿದ್ದಾರೆ. ಅರ್ಜಿ ತುಂಬುವ, ಫೋಟೋ ಹಾಕುವ, ಕೋಣೆ ಕಾದಿರಿಸುವ ಪುಟದ ಹಿಂದೆ ಒಂದು ಪ್ರೋಗ್ರಾಂ ಇರುತ್ತದೆ. ಆ ಪ್ರೋಗ್ರಾಂ ಹಲವು ಸಲ ತನ್ನ ಕೆಲಸವನ್ನು ಸರ್ವರಿನ ಕಮಾಂಡ್‌ಗಳಿಗೆ ಒಪ್ಪಿಸುತ್ತದೆ. ಫೋಟೋ ಚಿಕ್ಕದು ಮಾಡಲು ಇಮೇಜ್‌ಮ್ಯಾಜಿಕ್ ಬೇಕು, ರಸೀದಿಯ ಪಿಡಿಎಫ್ ಮಾಡಲು ಇನ್ನೊಂದು, ರಾತ್ರಿ ಬ್ಯಾಕಪ್ ತೆಗೆಯಲು ಮತ್ತೊಂದು. ಪಿಎಚ್‌ಪಿಯಲ್ಲಿ ಶೆಲ್ ಎಕ್ಸೆಕ್, ಪೈಥಾನ್‌ನಲ್ಲಿ ಸಬ್‌ಪ್ರೊಸೆಸ್, ಎಎಸ್‌ಪಿ ಡಾಟ್ ನೆಟ್‌ನಲ್ಲಿ ಪ್ರೊಸೆಸ್ ಸ್ಟಾರ್ಟ್ ಎಂದು ಕರೆಯುತ್ತಾರೆ. ತಪ್ಪಲ್ಲ ಇದು. ಬಳಸುವವನು ಟೈಪ್ ಮಾಡಿದ ಅಕ್ಷರಗಳು ಶೋಧನೆಯಿಲ್ಲದೆ ಕಮಾಂಡಿನ ಸಾಲಿಗೆ ಸೇರಿದಾಗ ಅಪಾಯ ಹುಟ್ಟುತ್ತದೆ.

ಇಂಜಿನಿಯರಿಂಗ್ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ಒಂದು ಪ್ರಾಜೆಕ್ಟ್ ತೆಗೆದುಕೊಳ್ಳಿ. ಪುಟದಲ್ಲಿ ಒಂದು ಪೆಟ್ಟಿಗೆ. ಅದರಲ್ಲಿ ವಿಳಾಸ ಬರೆದರೆ, ಅದು ಸಿಗುತ್ತದೆಯೇ ಎಂದು ಸರ್ವರ್ ಪಿಂಗ್ ಮಾಡಿ ಉತ್ತರ ತೋರಿಸುತ್ತದೆ. ವಿಳಾಸದ ನಂತರ ಒಂದು ಅರ್ಧವಿರಾಮ ಹಾಕಿ ಇನ್ನೊಂದು ಕಮಾಂಡ್ ಬರೆದರೆ? ಲಿನಕ್ಸ್ ಸರ್ವರ್ ಮೊದಲನೆಯದನ್ನು ಮುಗಿಸಿ ಎರಡನೆಯದನ್ನೂ ಮಾಡುತ್ತದೆ. ಅದು ಪಾಸ್‌ವರ್ಡ್ ಕಡತವನ್ನು ಓದುವ ಕಮಾಂಡ್ ಆಗಿರಬಹುದು, ಡೇಟಾಬೇಸ್ ಅಳಿಸುವ ಕಮಾಂಡ್ ಆಗಿರಬಹುದು. ವಿಳಾಸ ಬರೆಯುವ ಪೆಟ್ಟಿಗೆಯನ್ನು ಹೀಗೆ ಬಿಟ್ಟಿರುವುದು ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಿ ಸಂತೆಯಲ್ಲಿ ಇಟ್ಟು ಬಂದ ಹಾಗೆ.

ಇದು ಪಾಠದ ಪುಸ್ತಕದ ಭಯ ಎನ್ನುವವರು 2014ರ ಸೆಪ್ಟೆಂಬರನ್ನು ನೆನೆಯಬೇಕು. ಕಮಾಂಡ್‌ಗಳನ್ನು ಓಡಿಸುವ ಬ್ಯಾಷ್ ಎಂಬ ಶೆಲ್ ಪ್ರೋಗ್ರಾಮಿನಲ್ಲಿ ಇಪ್ಪತ್ತೈದು ವರ್ಷ ಯಾರ ಕಣ್ಣಿಗೂ ಬೀಳದೆ ಕುಳಿತಿದ್ದ ದೋಷ ಆಗ ಹೊರಬಿತ್ತು. ಶೆಲ್‌ಶಾಕ್ ಎಂದು ಹೆಸರಾದ ಆ ದೋಷದಿಂದ, ಹಳೆಯ ಸಿಜಿಐ ವಿಧಾನದಲ್ಲಿ ಬ್ಯಾಷ್ ಕರೆಯುತ್ತಿದ್ದ ಸರ್ವರುಗಳಿಗೆ ಬರಿಯ ಒಂದು ವೆಬ್ ಕೋರಿಕೆ ಕಳಿಸಿ ಕಮಾಂಡ್ ಓಡಿಸಬಹುದಿತ್ತು. 2016ರ ಮೇ ತಿಂಗಳಲ್ಲಿ ಇಮೇಜ್‌ಮ್ಯಾಜಿಕ್‌ನಲ್ಲೇ ದೋಷ ಸಿಕ್ಕಿತು. ಚಿತ್ರದ ವೇಷದ ಕಡತವೊಂದನ್ನು ಅಪ್‌ಲೋಡ್ ಮಾಡಿದರೆ ಸಾಕು, ಅದರೊಳಗಿನ ಕಮಾಂಡ್ ಸರ್ವರಿನಲ್ಲಿ ನಡೆಯುತ್ತಿತ್ತು.

ಕಂಪೈಲ್ ಆಗುವ, ಅಂದರೆ ಬರೆದ ಕೋಡ್ ಯಂತ್ರ ಓಡಿಸುವ ರೂಪಕ್ಕೆ ತಿರುಗುವ, ಪುಟಗಳ ವಿಷಯ ಇನ್ನೂ ಸೂಕ್ಷ್ಮ. ಮೈಕ್ರೋಸಾಫ್ಟಿನ ಎಎಸ್‌ಪಿ ಡಾಟ್ ನೆಟ್ ಪುಟಗಳನ್ನೂ ಜಾವಾದ ಜೆಎಸ್‌ಪಿ ಪುಟಗಳನ್ನೂ ಸರ್ವರ್ ಮೊದಲ ಸಲ ಯಾರಾದರೂ ಕೇಳಿದಾಗ ತಾನೇ ಕಂಪೈಲ್ ಮಾಡಿ ಓಡಿಸುತ್ತದೆ. ಬರೆಯುವವನಿಗೆ ಅನುಕೂಲ: ಕಡತ ತಂದು ಫೋಲ್ಡರಿಗೆ ಹಾಕಿದರಾಯಿತು, ಪುಟ ಬರುತ್ತದೆ. ಅದೇ ಅನುಕೂಲ ಕಳ್ಳನಿಗೂ. ಹೇಗೋ ಒಂದು ಕಡತವನ್ನು ಆ ಫೋಲ್ಡರಿಗೆ ಇಳಿಸಿಬಿಟ್ಟರೆ ಸರ್ವರೇ ಅದನ್ನು ಕಂಪೈಲ್ ಮಾಡಿಕೊಡುತ್ತದೆ. 2021ರ ಮಾರ್ಚಿನಲ್ಲಿ ಎಕ್ಸ್‌ಚೇಂಜ್ ಇಮೇಲ್ ಸರ್ವರುಗಳಿಗೆ ನುಗ್ಗಿದವರು ಬಿಟ್ಟುಹೋದದ್ದು ಇಂಥ ಪುಟಗಳನ್ನೇ, ಕೆಲವು ಒಂದೇ ಸಾಲಿನವು. ಆ ಸಾಲಿಗೆ ಹೊರಗಿನಿಂದ ಬರೆದು ಕಳಿಸಿದ್ದೆಲ್ಲ ಸರ್ವರಿನ ಕಮಾಂಡ್ ಆಗುತ್ತದೆ. ವೆಬ್‌ಶೆಲ್ ಎನ್ನುವುದು ಅದಕ್ಕೇ. 2025ರ ಜುಲೈಯಲ್ಲಿ ಶೇರ್‌ಪಾಯಿಂಟ್ ಸರ್ವರುಗಳಲ್ಲಿ ಕೂರಿಸಿದ ಒಂದು ಪುಟ ಸರ್ವರಿನ ಗುಪ್ತ ಕೀಲಿಗಳನ್ನೇ ಕದ್ದು ಕಳಿಸಿತು. ಕೀಲಿ ಬದಲಾಯಿಸದೆ ಬರಿಯ ಅಪ್‌ಡೇಟ್ ಹಾಕಿದವರು ಸುರಕ್ಷಿತರಾಗಲಿಲ್ಲ.

ಇದಕ್ಕೆ ಮದ್ದು ಹೊಸದಲ್ಲ, ದುಬಾರಿಯೂ ಅಲ್ಲ. ಎಎಸ್‌ಪಿ ಡಾಟ್ ನೆಟ್ ಅಪ್ಲಿಕೇಶನ್ನನ್ನು ಮೊದಲೇ ಪೂರ್ತಿ ಕಂಪೈಲ್ ಮಾಡಿ, ಮುಂದೆ ತಿದ್ದಲಾಗದ ರೂಪದಲ್ಲಿ ಸರ್ವರಿಗೆ ಏರಿಸುವ ವ್ಯವಸ್ಥೆ ಮೈಕ್ರೋಸಾಫ್ಟ್ ಕೊಟ್ಟು ಎಷ್ಟೋ ವರ್ಷವಾಗಿದೆ. ಹಾಗೆ ಏರಿಸಿದ ಮೇಲೆ ಆ ಅಪ್ಲಿಕೇಶನ್ನಿನೊಳಗೆ ಹೊಸ ಪುಟ ತಂದು ಹಾಕಿದರೂ, ಇದು ಮೊದಲೇ ಕಂಪೈಲ್ ಆಗಿಲ್ಲ ಎಂದು ಸರ್ವರ್ ನಿರಾಕರಿಸುತ್ತದೆ. ಪಿಎಚ್‌ಪಿ ಸೈಟಿನಲ್ಲಿ ಫೋಟೋ ಅಪ್‌ಲೋಡ್ ಆಗುವ ಫೋಲ್ಡರಿನಿಂದ ಏನೂ ಓಡದಂತೆ ಮಾಡುವುದು ಎರಡು ಸಾಲಿನ ಕೆಲಸ. ಕಮಾಂಡ್ ಕರೆಯುವ ಫಂಕ್ಷನ್‌ಗಳು ಬೇಡವಾದಲ್ಲಿ ಅವನ್ನು ಸೆಟ್ಟಿಂಗಿನಲ್ಲೇ ಮುಚ್ಚಬಹುದು. ಕಮಾಂಡ್ ಬೇಕೇ ಬೇಕು ಎಂಬಲ್ಲಿ ಶೆಲ್ಲನ್ನು ನಡುವೆ ತರದೆ, ಪ್ರೋಗ್ರಾಮಿನ ಹೆಸರನ್ನೂ ಅದಕ್ಕೆ ಕೊಡುವ ಮಾಹಿತಿಯನ್ನೂ ಬೇರೆ ಬೇರೆಯಾಗಿ ಒಪ್ಪಿಸಬೇಕು, ಮತ್ತು ಅಧಿಕಾರ ಕಡಿಮೆಯಿರುವ ಖಾತೆಯಿಂದ ಓಡಿಸಬೇಕು. ವಿದ್ಯಾರ್ಥಿಗಳ ಸಿ ಪ್ರೋಗ್ರಾಂ ಅನ್ನು ಬ್ರೌಸರಿನಿಂದಲೇ ಕಂಪೈಲ್ ಮಾಡಿ ಓಡಿಸುವ ಲ್ಯಾಬ್ ಸರ್ವರುಗಳು ಕಾಲೇಜುಗಳಲ್ಲಿ ಹೆಚ್ಚುತ್ತಿವೆ. ಕಲಿಕೆಗೆ ಅವು ಬೇಕು. ಆದರೆ ಅಲ್ಲಿ ಹೊರಗಿನವರು ಬರೆದ ಕೋಡ್ ಓಡಿಸುವುದೇ ಉದ್ದೇಶ. ಆದ್ದರಿಂದ ಅಂಕಪಟ್ಟಿ, ಶುಲ್ಕ, ಹಾಜರಿ ಇರುವ ಸರ್ವರಿನಲ್ಲಿ ಆ ಲ್ಯಾಬ್ ಇರಲೇಬಾರದು. ಪ್ರತ್ಯೇಕ ಯಂತ್ರ, ಪ್ರತಿ ಓಟಕ್ಕೂ ಸಮಯದ ಮತ್ತು ಮೆಮೊರಿಯ ಮಿತಿ, ಇಂಟರ್‌ನೆಟ್ ಸಂಪರ್ಕವಿಲ್ಲ: ಇಷ್ಟನ್ನು ಹಳಿಯಾಳದ ಇಂಜಿನಿಯರಿಂಗ್ ಮಕ್ಕಳು ಒಂದು ಸೆಮಿಸ್ಟರಿನಲ್ಲಿ ಕಟ್ಟಬಲ್ಲರು. ಅವರ ಕೈಯಲ್ಲೇ ಕಟ್ಟಿಸಬೇಕು ಎಂಬುದು ನಮ್ಮ ಆಗ್ರಹ.

ಇನ್ನು ಎರಡನೆಯ ಬಾಗಿಲು. ನಮಗೆ ಹೆಚ್ಚು ಆತಂಕ ಇದರದ್ದೇ.

2024ರಿಂದ ಜಗತ್ತಿನ ಎಲ್ಲೆಡೆ ಒಂದು ಹೊಸ ಮೋಸ ಹರಡಿದೆ, ಕ್ಲಿಕ್‌ಫಿಕ್ಸ್ ಎಂದು ಅದರ ಹೆಸರು. ಯಾವುದೋ ಹೋಟೆಲಿನದೋ ಶಾಲೆಯದೋ ಸೈಟು ತೆರೆಯುತ್ತೀರಿ. ನೀವು ರೋಬೋಟ್ ಅಲ್ಲ ಎಂದು ಖಚಿತಪಡಿಸಿ ಎಂಬ ಪರಿಚಿತ ಚೌಕ ಬರುತ್ತದೆ. ಒತ್ತಿದ ಕೂಡಲೇ ನಿಮಗೆ ಗೊತ್ತಾಗದಂತೆ ಒಂದು ಕಮಾಂಡ್ ಕಾಪಿ ಆಗಿರುತ್ತದೆ. ಮುಂದಿನ ಸೂಚನೆ ಹೀಗೆ: ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ, ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಒತ್ತಿ. ಮೂರು ಒತ್ತಿಗೆ ಪವರ್‌ಶೆಲ್ ಎಂಬ ವಿಂಡೋಸ್‌ನ ಕಮಾಂಡ್ ಪ್ರೋಗ್ರಾಂ ಮರೆಯಲ್ಲಿ ಓಡಿ, ದೂರದ ಸರ್ವರಿನಿಂದ ಕಳ್ಳ ತಂತ್ರಾಂಶ ತಂದು ಕೂರಿಸುತ್ತದೆ. ಓಡಿಸಿದ್ದು ಬಳಕೆದಾರನೇ ಆದ್ದರಿಂದ ಆಂಟಿವೈರಸ್ ಎಷ್ಟೋ ಸಲ ಸುಮ್ಮನಿರುತ್ತದೆ. ಈಚೆಗೆ, ಮೊದಲ ಒತ್ತಿಗೆ ತೆರೆಯುವ ರನ್ ಪೆಟ್ಟಿಗೆಯ ಬದಲು, ಫೋಲ್ಡರಿನ ವಿಳಾಸದ ಪಟ್ಟಿಯಲ್ಲಿ ಅಂಟಿಸಲು ಹೇಳುವ ರೂಪವೂ ಬಂದಿದೆ. ಹೀಗೆ ಬರುವ ತಂತ್ರಾಂಶಗಳಲ್ಲಿ ಲುಮ್ಮಾ ಎಂಬುದು ಕುಖ್ಯಾತ: ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್, ತೆರೆದಿರುವ ಲಾಗಿನ್, ಎಲ್ಲವನ್ನೂ ಬಾಚಿಕೊಳ್ಳುತ್ತದೆ. 2025ರ ಮಾರ್ಚ್ 16ರಿಂದ ಮೇ 16ರವರೆಗಿನ ಎರಡೇ ತಿಂಗಳಲ್ಲಿ 3,94,000ಕ್ಕೂ ಹೆಚ್ಚು ವಿಂಡೋಸ್ ಯಂತ್ರಗಳಲ್ಲಿ ಇದನ್ನು ಮೈಕ್ರೋಸಾಫ್ಟ್ ಗುರುತಿಸಿತು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಈ ಬಲೆಗೆ ಮೊದಲು ಸಿಕ್ಕಬಹುದಾದವರು ಗ್ರಾಮ ಒನ್ ಕೇಂದ್ರದ, ಸೈಬರ್ ಸೆಂಟರಿನ, ಝೆರಾಕ್ಸ್ ಅಂಗಡಿಯ ಆಪರೇಟರುಗಳು. ಅವರು ಅಜ್ಞಾನಿಗಳೆಂದಲ್ಲ. ಸರ್ಕಾರದ ಪೋರ್ಟಲುಗಳೇ ಅವರಿಗೆ ಈ ಅಭ್ಯಾಸ ಕಲಿಸಿವೆ. ಆಧಾರ್ ಬೆರಳಚ್ಚು ಯಂತ್ರ ಕೆಲಸ ಮಾಡಬೇಕಾದರೆ ಆರ್‌ಡಿ ಸರ್ವೀಸ್ ಎಂಬ ಪ್ರೋಗ್ರಾಂ ಅದೇ ಕಂಪ್ಯೂಟರಿನಲ್ಲಿ ಸದಾ ಓಡುತ್ತಿರಬೇಕು. ಬ್ರೌಸರಿನ ಪುಟ 11100ರಿಂದ 11120ರವರೆಗಿನ ಪೋರ್ಟುಗಳಲ್ಲಿ ಅದನ್ನು ಹುಡುಕಿ ಮಾತಾಡಿಸುತ್ತದೆ. ಡಿಜಿಟಲ್ ಸಹಿಯ ಡಾಂಗಲ್‌ಗೂ ಇಂಥದೇ ಸಹಾಯಕ ಪ್ರೋಗ್ರಾಂ. ಡಿವೈಸ್ ನಾಟ್ ರೆಡಿ ಎಂದು ಬಂದರೆ ಡ್ರೈವರ್ ಹುಡುಕಿ ಹಾಕು, ಪಾಪ್‌ಅಪ್ ಬಿಡು, ಬ್ರೌಸರಿನ ಎಚ್ಚರಿಕೆ ದಾಟಿ ಮುಂದೆ ಹೋಗು. ದಿನವಿಡೀ ಇದೇ ಕೆಲಸ ಮಾಡುವವರಿಗೆ ಇನ್ನೂ ಮೂರು ಸಲ ಕೀಲಿ ಒತ್ತು ಎಂದು ಪುಟ ಹೇಳಿದರೆ ಅದರಲ್ಲಿ ಅನುಮಾನ ಹುಟ್ಟುವುದಾದರೂ ಹೇಗೆ? ಅದರಲ್ಲೂ ಜೂನ್ ತಿಂಗಳಲ್ಲಿ, ಶಾಲೆ ಕಾಲೇಜಿನ ದಾಖಲಾತಿಗೆ ಜಾತಿ, ಆದಾಯ ಪ್ರಮಾಣಪತ್ರಕ್ಕೆಂದು ಬಾಗಿಲ ತನಕ ಜನ ನಿಂತಿರುವಾಗ, ಮಳೆಗೆ ನೆಟ್‌ವರ್ಕ್ ಹೋಗಿ ಬಂದು ಮಾಡುತ್ತಿರುವಾಗ, ಕೆಲಸ ಬೇಗ ಮುಗಿದರೆ ಸಾಕು ಎನಿಸುತ್ತದೆ.

ಆ ಯಂತ್ರಗಳಲ್ಲಿ ಏನಿದೆ ನೋಡಿ. ಸೇವಾ ಸಿಂಧು ಲಾಗಿನ್ ಇದೆ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ತಿಂಗಳುಗಟ್ಟಲೆ ಅಳಿಸದ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನುಗಳಿರುತ್ತವೆ. ಜೋಯಿಡಾದ ಕುಣಬಿ ರೈತನ ಪಹಣಿ, ಮುಂಡಗೋಡಿನ ಸಿದ್ದಿ ಹುಡುಗಿಯ ವಿದ್ಯಾರ್ಥಿವೇತನದ ಅರ್ಜಿ, ಹಳಿಯಾಳದ ಕಬ್ಬು ಬೆಳೆಗಾರನ ಖಾತೆ ಸಂಖ್ಯೆ ಒಂದೇ ಕಡೆ ಸಿಗುವ ಜಾಗ ಅದು. ನಮ್ಮಂಥ ಸಣ್ಣವರ ಹತ್ತಿರ ಕದಿಯಲು ಏನಿದೆ ಎಂಬ ಮಾತನ್ನು ಇನ್ನಾದರೂ ಬಿಡಬೇಕು. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲಿಗೇ ಕನ್ನ ಬಿದ್ದು ಸುಮಾರು 11.5 ಕೋಟಿ ರೂಪಾಯಿ ಹೋಯಿತು. ದೊಡ್ಡ ಬಾಗಿಲು ಗಟ್ಟಿಯಾದಷ್ಟೂ ಕಳ್ಳರು ಚಿಕ್ಕ ಬಾಗಿಲಿನತ್ತ ತಿರುಗುತ್ತಾರೆ.

ಈ ಎರಡು ಬಾಗಿಲುಗಳು ಒಂದಕ್ಕೊಂದು ಅಂಟಿಕೊಂಡಿವೆ. ಕ್ಲಿಕ್‌ಫಿಕ್ಸ್ ಪುಟಗಳಲ್ಲಿ ಹಲವು, ಕನ್ನ ಬಿದ್ದ ಪ್ರಾಮಾಣಿಕ ಸೈಟುಗಳ ಮೇಲೆಯೇ ಕಾಣಿಸಿಕೊಳ್ಳುತ್ತವೆ. ದಾಂಡೇಲಿಯಲ್ಲಿ ಕಾಳಿ ನದಿಯ ರಾಫ್ಟಿಂಗ್ ನಂಬಿ ಬೆಳೆದ ಹೋಂಸ್ಟೇಗಳು, ರೆಸಾರ್ಟುಗಳು ಅನೇಕ. ಸೈಟು ಮಾಡಿಸಿದ ಮೇಲೆ ಅದರ ಅಪ್‌ಡೇಟ್ ಯಾರು ಹಾಕುತ್ತಾರೆ ಎಂದು ಮಾಲೀಕರು ಒಮ್ಮೆ ವಿಚಾರಿಸಲಿ. ವರ್ಡ್‌ಪ್ರೆಸ್ ಪ್ಲಗಿನ್ ಹಳೆಯದಾಗಿ ಬಿದ್ದಿದ್ದರೆ, ಹುಬ್ಬಳ್ಳಿಯಿಂದಲೋ ಗೋವಾದಿಂದಲೋ ಕೋಣೆ ಹುಡುಕಿ ಬಂದ ಅತಿಥಿಗೆ ಆ ಸೈಟೇ ಬಲೆಯಾಗುತ್ತದೆ. ಗುರುಪುರದಲ್ಲಿ ಆದದ್ದು ಅದೇ ತಾನೆ. ಸಂಸ್ಥೆಯ ಮೇಲಿನ ನಂಬಿಕೆಯೇ ಕಳ್ಳನಿಗೆ ಬಂಡವಾಳವಾಯಿತು.

ಜಿಲ್ಲಾಡಳಿತ ಮತ್ತು ಗ್ರಾಮ ಒನ್ ನೋಡಿಕೊಳ್ಳುವ ನಾಗರಿಕ ಸೇವೆಗಳ ಎಲೆಕ್ಟ್ರಾನಿಕ್ ವಿತರಣೆಯ (ಇಡಿಸಿಎಸ್) ನಿರ್ದೇಶನಾಲಯ ಮುಂದಿನ ದಾಖಲಾತಿ ಹಂಗಾಮಿಗೆ ಮುನ್ನ ಕೆಲವು ಕೆಲಸ ಮಾಡಲೇಬೇಕು. ಆರ್‌ಡಿ ಸರ್ವೀಸ್, ಸಹಿಯ ಪ್ರೋಗ್ರಾಂ, ನುಡಿ ತಂತ್ರಾಂಶ ಇವೆಲ್ಲವೂ ಒಂದೇ ಅಧಿಕೃತ ಜಾಗದಲ್ಲಿ ಸಿಗುವಂತಾಗಲಿ; ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ್ದನ್ನು ಹಾಕುವ ಪಾಡು ತಪ್ಪಲಿ. ನಿತ್ಯದ ಕೆಲಸಕ್ಕೆ ಅಡ್ಮಿನ್ ಅಧಿಕಾರವಿಲ್ಲದ ವಿಂಡೋಸ್ ಖಾತೆ ಇರಲಿ, ರನ್ ಪೆಟ್ಟಿಗೆಯನ್ನು ಮುಚ್ಚಿಡಲಿ. ಅರ್ಜಿ ಹಾಕುವವರಿಗೆ ಅದು ಎಂದೂ ಬೇಕಾಗುವುದಿಲ್ಲ. ಯಾವ ಸರ್ಕಾರಿ ಪೋರ್ಟಲೂ ಕಮಾಂಡ್ ಅಂಟಿಸಲು ಹೇಳುವುದಿಲ್ಲ ಎಂಬ ಒಂದು ಸಾಲಿನ ಚೀಟಿಯನ್ನು ಕನ್ನಡದಲ್ಲಿ ಮುದ್ರಿಸಿ ಪ್ರತಿ ಮಾನಿಟರಿಗೆ ಅಂಟಿಸಲಿ, ಮುಂಡಗೋಡಿನಲ್ಲಿ ಟಿಬೆಟನ್ ಭಾಷೆಯಲ್ಲೂ.

ಈಗಾಗಲೇ ಯಾರಾದರೂ ಹಾಗೆ ಮೂರು ಸಲ ಕೀಲಿ ಒತ್ತಿಬಿಟ್ಟಿದ್ದರೆ ಮುಚ್ಚಿಡಬೇಡಿ, ಕೂಡಲೇ ಫಾರ್ಮ್ಯಾಟ್ ಮಾಡಿಸಲೂ ಬೇಡಿ. ಮೊದಲು ಇಂಟರ್‌ನೆಟ್ ಕಿತ್ತುಹಾಕಿ. ರನ್ ಪೆಟ್ಟಿಗೆಯಲ್ಲಿ ಹಾಕಿದ ಕಮಾಂಡ್ ವಿಂಡೋಸ್‌ನ ದಾಖಲೆಯಲ್ಲಿ ಉಳಿದಿರುತ್ತದೆ, ತನಿಖೆಗೆ ಅದು ಬೇಕು. ಬೇರೆ ಯಂತ್ರದಿಂದ ಎಲ್ಲ ಪಾಸ್‌ವರ್ಡ್ ಬದಲಿಸಿ, ಎಲ್ಲ ಲಾಗಿನ್‌ಗಳಿಂದ ಹೊರಬನ್ನಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸಂಸ್ಥೆಗಳಾದರೆ, ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದಂತೆ ಗೊತ್ತಾದ ಆರು ಗಂಟೆಯೊಳಗೆ ವರದಿ ಮಾಡಬೇಕು, ಸರ್ವರಿನ ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು. ಆಮೇಲೆ, ಆ ಯಂತ್ರದಲ್ಲಿ ಯಾರ ಯಾರ ಕಾಗದಗಳಿದ್ದವೋ ಅವರಿಗೆಲ್ಲ ತಿಳಿಸಬೇಕು. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳುವ ಹಕ್ಕು ಅವರಿಗಿದೆ, ಆಧಾರ್‌ನ ಅಧಿಕೃತ ಆ್ಯಪಿನಲ್ಲಿ ಅದು ಆಗುತ್ತದೆ. ಜೋಯಿಡಾದ ಒಳಹಳ್ಳಿಗಳಲ್ಲಿ ಫೋನು ಹತ್ತದ ಮನೆಗಳಿಗೆ ಪಂಚಾಯಿತಿ ಸಿಬ್ಬಂದಿಯೇ ಹೋಗಿ ಹೇಳಿ, ಅಲ್ಲಿಂದ ಸಿಗ್ನಲ್ ಇರುವ ಕಡೆ ಕರೆತಂದು ಲಾಕ್ ಮಾಡಿಸಿಕೊಡಬೇಕು. ಆ ಓಡಾಟದ ಖರ್ಚು ಯಾರ ಲೆಕ್ಕಕ್ಕೆ ಎಂಬುದನ್ನು ಕಾರವಾರದ ಜಿಲ್ಲಾಧಿಕಾರಿ ಕಚೇರಿ ಈಗಲೇ ಬರವಣಿಗೆಯಲ್ಲಿ ತೀರ್ಮಾನಿಸಲಿ.