ಟ್ಯಾಬ್‌ಗೆ ಮೌಸ್ ಸಿಕ್ಕಿಸಿದರೆ ಕಂಪ್ಯೂಟರ್ ಆಗಲ್ಲ

ನಮ್ಮ ರೈತ ಉತ್ಪಾದಕರ ಕಂಪನಿಯ ಮುಂದಿನ ಸಭೆಯಲ್ಲಿ ಟ್ಯಾಬ್ ಖರೀದಿ ವಿಷಯ ಬರ್ತಿದೆ. "ಬೇರೆ ಕಂಪ್ಯೂಟರ್ ಯಾಕೆ? ಟ್ಯಾಬ್‌ಗೇ ಮೌಸ್, ಕೀಬೋರ್ಡ್ ಹಾಕ್ಕೊಂಡ್ರೆ ಹೊಲಕ್ಕೂ ಆಯ್ತು, ಆಫೀಸಿಗೂ ಆಯ್ತು" ಅಂತ ಅಂಗಡಿಯವರು ಹೇಳಿದ್ದನ್ನೇ ನಮ್ಮೋರು ಕೆಲವರು ಹೇಳ್ತಿದ್ದಾರೆ. ನಾನು ಇದನ್ನ ಒಪ್ಪಲ್ಲ. ಹೋಗೋದು ನಮ್ಮೆಲ್ಲರ ಷೇರಿನ ದುಡ್ಡು.

ಮೌಸ್ ಹಾಕೋದು ದೊಡ್ಡ ವಿಷಯವೇ ಅಲ್ಲ. ಆಂಡ್ರಾಯ್ಡ್ ಟ್ಯಾಬ್‌ಗೆ 2011ರಲ್ಲೇ ಆ ಸೌಲಭ್ಯ ಬಂತು, ಐಪ್ಯಾಡ್‌ಗೆ 2020ರ ಮಾರ್ಚ್‌ನಲ್ಲಿ ಸರಿಯಾಗಿ ಬಂತು. ಆದ್ರೆ ಮೌಸ್ ಬಂದ ಮಾತ್ರಕ್ಕೆ ಒಳಗಿನ ಸಾಫ್ಟ್‌ವೇರ್ ಬದಲಾಗಲ್ಲ. ನಮ್ಮ ಲೆಕ್ಕ ಇರೋದು ಟ್ಯಾಲಿಯಲ್ಲಿ, ಪತ್ರ ಟೈಪ್ ಮಾಡೋದು ನುಡಿಯಲ್ಲಿ. ಈಗ ಆಫೀಸಿನ ಕಂಪ್ಯೂಟರಿನಲ್ಲಿರೋ ಇವೆರಡೂ ವಿಂಡೋಸ್‌ಗೆ ಮಾಡಿದ್ದು. ಅವನ್ನ ತಂದು ಆಂಡ್ರಾಯ್ಡ್ ಟ್ಯಾಬ್‌ಗೆ ಹಾಕಕ್ಕಾಗಲ್ಲ.

"ಹಾಗಾದ್ರೆ ವಿಂಡೋಸ್ ಟ್ಯಾಬ್ ತಗೊಳ್ಳೋಣ" ಅಂತಾರೆ. ಸರಿ, ಸಾಫ್ಟ್‌ವೇರ್ ತೆರೆಯುತ್ತೆ. ಬೆರಳಲ್ಲಿ ಕೆಲಸ ಮಾಡಿ ನೋಡಿ. ಮೌಸಿನ ಬಾಣದ ತುದಿ ಒಂದು ಚುಕ್ಕಿ. ನಮ್ಮ ಬೆರಳು ಒತ್ತಬೇಕಾದ ಜಾಗವನ್ನೇ ಮುಚ್ಚಿಬಿಡುತ್ತೆ. ಬೆರಳಿಗೆ ಬಟನ್ ಸುಮಾರು 9 ಮಿಲಿಮೀಟರ್ ಇರಬೇಕು ಅಂತ ಆಂಡ್ರಾಯ್ಡ್ ಮಾಡಿದವರೇ ಹೇಳ್ತಾರೆ. ಎಕ್ಸೆಲ್‌ನ ಮನೆ ಮೂಲೆಯಲ್ಲಿ ಹಿಡಿದು ಎಳೆಯೋ ಚೌಕ ಎಷ್ಟಿದೆ? ಎಳ್ಳುಕಾಳಿನಷ್ಟು. ಮಳೆಗಾಲದಲ್ಲಂತೂ ಸ್ಕ್ರೀನ್ ಮೇಲೆ ಬಿದ್ದ ಹನಿಯನ್ನೂ ಅದು ಬೆರಳು ಅಂದ್ಕೊಳ್ಳುತ್ತೆ. ಒಂದು ಸೊನ್ನೆ ತಪ್ಪಿದ್ರೆ ಯಾರ ಪೇಮೆಂಟ್ ಹೋಗುತ್ತೆ?

ಎರಡನ್ನೂ ಒಂದರಲ್ಲೇ ತುರುಕೋಕೆ ಮೈಕ್ರೋಸಾಫ್ಟೇ ಹೊರಟಿತ್ತು. 2012ರಲ್ಲಿ ವಿಂಡೋಸ್ 8 ತಂದ್ರು, ಬೆರಳಿಗೊಂದು ಮುಖ, ಮೌಸಿಗೊಂದು ಮುಖ. ಜೊತೆಗೇ ಸರ್ಫೇಸ್ ಆರ್‌ಟಿ ಅಂತ ಟ್ಯಾಬ್ ಬಂತು. ನೋಡೋಕೆ ಅದರಲ್ಲೂ ಡೆಸ್ಕ್‌ಟಾಪ್ ಇತ್ತು, ಆದ್ರೆ ಪ್ರೊಸೆಸರ್ ಬೇರೆ ಜಾತಿಯದು, ಜನರ ಹಳೇ ಸಾಫ್ಟ್‌ವೇರ್ ಒಂದೂ ಹಾಕಕ್ಕಾಗ್ತಿರಲಿಲ್ಲ. 2013ರ ಜುಲೈನಲ್ಲಿ ಸುಮಾರು 90 ಕೋಟಿ ಡಾಲರ್ ನಷ್ಟ ಬರೆದ್ರು. ಅವರು ತಡ್ಕೊಂಡ್ರು, ನಾವು ತಡ್ಕೊಳ್ತೀವಾ?

ಟ್ಯಾಬ್ ಬೇಡ ಅಂತಿಲ್ಲ. ಹೊಲದಲ್ಲಿ ಫೋಟೋ ತೆಗೆಯೋಕೆ, ಜಿಪಿಎಸ್ ಹಿಡಿಯೋಕೆ, ದೊಡ್ಡ ಬಟನ್ ಇರೋ ಆ್ಯಪ್‌ನಲ್ಲಿ ತೂಕ ಬರೆಯೋಕೆ ಅದೇ ಸರಿ. ಅದಕ್ಕೆ ಸಾಧಾರಣ ಟ್ಯಾಬ್ ಸಾಕು. ಲೆಕ್ಕಕ್ಕೆ ಮೇಜಿನ ಕಂಪ್ಯೂಟರೇ ಇರಲಿ. ಕುಂಟೆಗೆ ಕುಂಟೆ ಕೆಲಸ, ಕೂರಿಗೆಗೆ ಕೂರಿಗೆ ಕೆಲಸ.

ಅಷ್ಟಾದ್ರೂ ಒಂದೇ ಬೇಕು ಅನ್ನೋರು ಅಂಗಡಿಯವರನ್ನ ಟ್ಯಾಬ್ ಸಮೇತ ಸಭೆಗೆ ಕರೆಸಿ. ನಮ್ಮ ಟ್ಯಾಲಿ ಹಾಕಿ ತೋರಿಸಲಿ. ಮೌಸ್ ತೆಗೆದಿಟ್ಟು, ಬೆರಳಲ್ಲೇ ಹತ್ತು ರೈತರ ಬಿಲ್ ಎಂಟ್ರಿ ಮಾಡಲಿ. ಆಮೇಲೆ ಕೈ ಒದ್ದೆ ಮಾಡ್ಕೊಂಡು ಇನ್ನೊಂದು ಮಾಡಲಿ. ಅದಾಗದೆ ಚೆಕ್‌ಗೆ ಸಹಿ ಬೀಳಬಾರದು. ಸಭೆಗೆ ತಪ್ಪದೆ ಬನ್ನಿ.